ನಿಯಮ ಹಾಳೆಯ ಎಂಬತ್ತೇಳನೆಯ ಸಾಲು

ಕಳೆದ ತಿಂಗಳು ರೇಖಾ ಫೋನ್ ಮಾಡಿದ್ದಳು. ನಾನು ನಿವೃತ್ತಳಾದ ಮೇಲೆ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕುರ್ಚಿಗೆ ಬಂದವಳು ಅವಳು.

“ಅಕ್ಕಾರ, ಹೊಸಾ ಕಂಪನಿಯವ್ರು ಬಂದಾರ. ಬೈಟ್‌ಕೋಡ್‌ನ್ಯಾಗ ನೀವು ಹಾಕಿಟ್ಟ ಸಾಲಿನ ನಂಬರು, ಹೆಸರು, ಎಲ್ಲಾ ತಗದಹಾಕ್ರಿ ಅನ್ನಾಕತ್ತಾರ. ಫೈಲು ಸಣ್ಣು ಆಗ್ತಾವಂತ. ತಗೀಲೇನ್ರಿ?”

ನಾನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಸಿಟ್ಟು ಅವಳ ಮೇಲಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನೇ ಫೋನ್ ಮಾಡಿ “ತಗೀಬ್ಯಾಡ” ಎಂದೆ. “ಯಾಕಂತ ಕೇಳಿದ್ರ ಏನ್ ಹೇಳ್ಲಿ?” ಎಂದಳು. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ರೇಖಾಳಿಗೂ ಅವಳ ನಂತರ ಬರುವವರಿಗೂ ಎಂದು ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಕಾರ್ಖಾನೆಯ ಕಡತದಲ್ಲಿದೆ, ಅದು ಯಾರಿಗೂ ಬೇಡ. ನಾನು ಮಾಡಿದ ತಪ್ಪುಗಳು ಯಾವ ಕಡತದಲ್ಲೂ ಇಲ್ಲ. ಅವು ಬೇಕು.

ಮೊದಲು ಕೆಲಸ ಏನಿತ್ತು ಎಂದು ಹೇಳುತ್ತೇನೆ. ನಮ್ಮ ಕಾರ್ಖಾನೆಗೆ ಕೃಷ್ಣೆಯ ಎರಡೂ ದಂಡೆಯಿಂದ ಕಬ್ಬು ಬರುತ್ತಿತ್ತು. ಏಕಸಂಬಿಯ ಕಡೆಯಿಂದ, ಶಿರಗುಪ್ಪಿಯ ಕಡೆಯಿಂದ, ಮುಗಳಖೋಡದಿಂದಲೂ. ಹಂಗಾಮು ಶುರುವಾದ ಮೇಲೆ ರೈತರ ಬಾಯಲ್ಲಿ ಒಂದೇ ಪ್ರಶ್ನೆ: ನನ್ನ ಹೊಲದ ಕಟಾವಿನ ಪಾಳಿ ಯಾವಾಗ? ಆ ಪಾಳಿಯ ಪಟ್ಟಿಯನ್ನು ದಿನಾ ಬೆಳಗ್ಗೆ ಆರು ಗಂಟೆಗೆ ನಮ್ಮ ಕಂಪ್ಯೂಟರ್ ಕೊಡಬೇಕಿತ್ತು. ಪಟ್ಟಿ ಹಿಡಿದುಕೊಂಡು ಫೀಲ್ಡ್‌ಮನ್‌ಗಳು ಹಳ್ಳಿಹಳ್ಳಿಗೆ ಹೋಗಿ ಕಟಾವಿನ ಗ್ಯಾಂಗುಗಳನ್ನು ಹೊಲಕ್ಕೆ ಇಳಿಸುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದ ಹೊಲಕ್ಕೆ ಕುಡುಗೋಲು ಬೀಳುತ್ತಿರಲಿಲ್ಲ. ಪಾಳಿ ತಪ್ಪಿದ ಕಬ್ಬು ನಿಂತಲ್ಲೇ ಒಣಗಿ ಬೆಂಡಾಗುತ್ತಿತ್ತು.

ಪಾಳಿ ನಿರ್ಧರಿಸುವ ನಿಯಮಗಳು ಕಬ್ಬಿನ ವಿಭಾಗದಿಂದ ಬರುತ್ತಿದ್ದವು. ಯಾವ ತಳಿ, ನಾಟಿಯಾಗಿ ಎಷ್ಟು ತಿಂಗಳು, ಹೊಸ ನಾಟಿಯೋ, ಕಡಿದ ಬುಡದಿಂದ ಮತ್ತೆ ಚಿಗುರಿದ ಕುಳೆಯೋ, ಹೊಲಕ್ಕೆ ಟ್ರ್ಯಾಕ್ಟರ್ ಹೋಗುವ ದಾರಿ ಇದೆಯೋ ಇಲ್ಲವೋ. ವಾರಕ್ಕೆರಡು ಸಲ ಅವು ಬದಲಾಗುತ್ತಿದ್ದವು. ಮೊದಲ ಹತ್ತು ವರ್ಷ ನಾನು ಪ್ರತಿ ಬದಲಾವಣೆಯನ್ನೂ ಕೈಯಿಂದ ಪ್ರೋಗ್ರಾಮಿನಲ್ಲಿ ಬರೆದೆ. ಬರೆದು ಪರೀಕ್ಷಿಸಿ ಹಾಕುವಷ್ಟರಲ್ಲಿ ಮೂರು ದಿನ ಹೋಗುತ್ತಿತ್ತು. ಆಗ ಕಬ್ಬಿನ ವಿಭಾಗದ ಮುಖ್ಯ ಅಧಿಕಾರಿಯಾಗಿದ್ದವರು ದೇಸಾಯಿ ಸಾಹೇಬರು. ಒಂದು ದಿನ ನನ್ನ ಮೇಜಿನ ಮುಂದೆ ನಿಂತು ಹೇಳಿದರು, “ಮ್ಯಾಡಮ್ಮಾರ, ನಾ ಬೆಳಿಗ್ಗೆ ಹೇಳಿದ್ದು ನಿಮ್ಮ ಕಂಪ್ಯೂಟರಿಗೆ ತಿಳಿಯೂದ್ರಾಗ ಕಬ್ಬ ಹೂ ಬಿಡತೈತಿ.”

ಅದಾದ ಮೇಲೆ ನಾನು ಜನರೇಟರ್ ಬರೆದೆ, ಅಂದರೆ ಪ್ರೋಗ್ರಾಮನ್ನು ತಾನೇ ತಯಾರಿಸುವ ಒಂದು ಪ್ರೋಗ್ರಾಮು. ದೇಸಾಯಿಯವರು ನಿಯಮಗಳನ್ನು ಒಂದು ಹಾಳೆಯಲ್ಲಿ, ಸಾಲಿಗೊಂದರಂತೆ, ಕನ್ನಡದಲ್ಲೇ ತುಂಬಿ ಕೊಡುತ್ತಿದ್ದರು. ನನ್ನ ಪ್ರೋಗ್ರಾಮು ಆ ಹಾಳೆಯನ್ನು ಓದಿ ನೇರವಾಗಿ ಬೈಟ್‌ಕೋಡ್ ತಯಾರಿಸುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೈಟ್‌ಕೋಡ್ ಎಂದರೆ ಮನುಷ್ಯರು ಬರೆಯುವ ಪ್ರೋಗ್ರಾಮಿಗೂ ಯಂತ್ರಕ್ಕೂ ನಡುವೆ ಇರುವ ಆಜ್ಞೆಗಳ ರೂಪ. ಸಾಮಾನ್ಯವಾಗಿ ನಾವು ಬರೆದದ್ದನ್ನು ಕಂಪೈಲರ್ ಆ ರೂಪಕ್ಕೆ ತರುತ್ತದೆ. ಇಲ್ಲಿ ನಡುವೆ ಬರೆದ ಪ್ರೋಗ್ರಾಮೇ ಇರಲಿಲ್ಲ. ಹಾಳೆಯಿಂದ ಸೀದಾ ಬೈಟ್‌ಕೋಡ್. ಮೂರು ದಿನದ ಕೆಲಸ ಮೂರು ನಿಮಿಷಕ್ಕೆ ಇಳಿಯಿತು. ನನ್ನನ್ನು ಹೊಗಳಿದರು. ನಾನೂ ಹಿಗ್ಗಿದೆ.

ಹಂಗಾಮಿನ ಎರಡನೆಯ ವಾರ ಅದು ಕೆಟ್ಟು ನಿಂತಿತು. ದೋಷದ ಸಂದೇಶ ನೋಡಿದರೆ ಎಲ್ಲಿ ಕೆಟ್ಟಿತು ಎನ್ನುವ ಜಾಗದಲ್ಲಿ ‘ಮೂಲ ತಿಳಿದಿಲ್ಲ’ ಎಂದಿತ್ತು. ಇರಲೇಬೇಕಲ್ಲ, ಮೂಲವೇ ಇಲ್ಲದ್ದನ್ನು ನಾನು ಹುಟ್ಟಿಸಿದ್ದೆ. ಕಂಪೈಲರ್ ತಯಾರಿಸಿದ ಬೈಟ್‌ಕೋಡಿನಲ್ಲಿ ಆಜ್ಞೆಗಳ ಜೊತೆಗೆ ಕೆಲವು ಗುರುತುಗಳಿರುತ್ತವೆ: ಈ ಆಜ್ಞೆ ಯಾವ ಫೈಲಿನ ಯಾವ ಸಾಲಿನಿಂದ ಬಂತು, ಈ ಜಾಗದಲ್ಲಿರುವ ಮೌಲ್ಯದ ಹೆಸರೇನು. ಪ್ರೋಗ್ರಾಮ್ ಓಡಲು ಅವು ಬೇಕಾಗಿಲ್ಲ, ಕೆಟ್ಟಾಗ ಹುಡುಕುವ ಮನುಷ್ಯನಿಗೆ ಬೇಕು. ಅದಕ್ಕೇ ಡೀಬಗ್ ಮಾಹಿತಿ ಎನ್ನುತ್ತಾರೆ. ನನ್ನ ಜನರೇಟರ್ ಅವನ್ನು ಹಾಕುತ್ತಿರಲಿಲ್ಲ, ಏಕೆಂದರೆ ನಾನು ಹಾಕು ಎಂದು ಹೇಳಿರಲಿಲ್ಲ.

ಹಾಕಬೇಕೆಂದರೆ ಯಾವ ಸಾಲಿನ ನಂಬರ್ ಹಾಕುವುದು? ಒಂದು ವಾರ ಇದನ್ನೇ ಯೋಚಿಸಿದೆ. ಕೊನೆಗೆ ತಿಳಿದದ್ದು ಇಷ್ಟೇ: ಮನುಷ್ಯ ಬರೆದದ್ದು ಯಾವುದೋ ಅದರ ಸಾಲು. ದೇಸಾಯಿಯವರು ಬರೆದದ್ದು ಹಾಳೆ. ಹಾಗಾಗಿ ಫೈಲಿನ ಹೆಸರಿನ ಜಾಗದಲ್ಲಿ ಹಾಳೆಯ ಹೆಸರು, ಸಾಲಿನ ಜಾಗದಲ್ಲಿ ಹಾಳೆಯ ಸಾಲು. ಮೌಲ್ಯಗಳಿಗೆ ಹಾಳೆಯ ಕಾಲಮ್ಮಿನ ಹೆಸರು: ತಳಿ, ನಾಟಿ ದಿನ, ದಾರಿ. ಇದರಲ್ಲೂ ಎಡವಿದೆ. ಯಂತ್ರ ಒಂದೇ ಜಾಗವನ್ನು ಹಲವು ಮೌಲ್ಯಗಳಿಗೆ ಮತ್ತೆ ಮತ್ತೆ ಬಳಸುತ್ತದೆ. ಪ್ರತಿ ಹೆಸರಿಗೂ ಎಲ್ಲಿಂದ ಎಲ್ಲಿಯವರೆಗೆ ಎಂದು ಗಡಿ ಹಾಕಬೇಕು. ನಾನು ಒಂದು ಆಜ್ಞೆಯಷ್ಟು ಮುಂಚೆ ಗಡಿ ಹಾಕಿದ್ದೆ. ದೋಷ ಹುಡುಕುವ ಸಾಧನವಾದ ಡೀಬಗರ್‌ನಲ್ಲಿ ‘ನಾಟಿ ದಿನ’ ಎಂಬ ಹೆಸರಿನ ಎದುರು ಊರಿನ ಹೆಸರು ಕಾಣಿಸುತ್ತಿತ್ತು. ಎರಡು ದಿನ ಇಲ್ಲದ ದೋಷವನ್ನು ಹುಡುಕಿದೆ.

ಅದು ನನ್ನ ಎರಡು ದಿನ ಮಾತ್ರ. ಮುಂದಿನ ತಪ್ಪಿಗೆ ಬೇರೆಯವರು ದಂಡ ತೆತ್ತರು.

ದೇಸಾಯಿಯವರಿಗೆ ಒಂದು ರೂಢಿ ಇತ್ತು. ಒಂದು ಗುಂಪಿನ ನಿಯಮಗಳು ಮುಗಿದರೆ ಕಣ್ಣಿಗೆ ಹಿತವಾಗಲೆಂದು ಒಂದು ಸಾಲು ಖಾಲಿ ಬಿಡುತ್ತಿದ್ದರು. ನನ್ನ ಪ್ರೋಗ್ರಾಮು ಖಾಲಿ ಸಾಲುಗಳನ್ನು ಓದದೆ, ಎಣಿಸದೆ ದಾಟುತ್ತಿತ್ತು. ಹೀಗಾಗಿ ಹಾಳೆಯ ಮೂವತ್ತನಾಲ್ಕನೆಯ ಸಾಲಿನ ದೋಷ ಮೂವತ್ತೊಂದು ಎಂದು ತೋರಿತು. ದೇಸಾಯಿಯವರು ಮೂವತ್ತೊಂದನ್ನು ತೆಗೆದು ನೋಡಿದರು. ಕುಳೆ ಕಬ್ಬಿನ ತಿಂಗಳ ಲೆಕ್ಕ ಅಲ್ಲಿತ್ತು, ಸರಿಯಾಗಿಯೇ ಇತ್ತು. ಕಂಪ್ಯೂಟರೇ ತೋರಿಸಿದೆ ಎಂದ ಮೇಲೆ ತಪ್ಪಿರಲೇಬೇಕು ಎಂದು ತಿದ್ದಿದರು. ಮಾರನೆಯ ದಿನ ಏಕಸಂಬಿಯ ಒಂದು ಹೊಲದಲ್ಲಿ ಎಂಟು ತಿಂಗಳ ಎಳೆಯ ಕಬ್ಬಿಗೆ ಗ್ಯಾಂಗು ಇಳಿಯಿತು. ಹೊಲದವರು ಓಡಿಬಂದು ತಡೆಯುವಷ್ಟರಲ್ಲಿ ಅರ್ಧ ಎಕರೆ ನೆಲಕ್ಕೆ ಬಿದ್ದಿತ್ತು.

ದೇಸಾಯಿಯವರು ತಾವೇ ಆ ಹೊಲಕ್ಕೆ ಹೋಗಿ ಕೈಮುಗಿದು ಬಂದರು. ನನ್ನನ್ನು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳಿದರು:

“ನಿಮ್ಮ ಯಂತ್ರ ಸುಮ್ನಿದ್ದಿದ್ರ ನಾ ಹುಡುಕ್ತಿದ್ನಿ. ಅದು ಬೊಟ್ಟು ಮಾಡಿ ತೋರಿಸ್ತು. ಬೊಟ್ಟು ಮಾಡಿ ತೋರಿಸಿದವರನ್ನ ಮನಷಾ ನಂಬ್ತಾನ್ರಿ ಮ್ಯಾಡಮ್ಮಾರ. ಸುಳ್ಳ ಬೊಟ್ಟು ಮಾಡಬ್ಯಾಡ್ರಿ.”

ಆ ಹೊತ್ತು ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ. ಸಾಲಿನ ಎಣಿಕೆಯನ್ನು ಸರಿಪಡಿಸಿದ ಮೇಲೆ, ನಿಯಮ ಹಾಳೆ ಬಂದಾಗಲೆಲ್ಲ ಬೇಕೆಂದೇ ಒಂದೊಂದು ಸಾಲನ್ನು ಕೆಡಿಸಿ, ತೋರುವ ನಂಬರ್ ಅದೇ ಸಾಲಿನದೇ ಎಂದು ನೋಡಿಯೇ ಬಿಡುವುದನ್ನು ರೂಢಿ ಮಾಡಿಕೊಂಡೆ. ರೇಖಾ, ನೀನೂ ಹಾಗೆ ಮಾಡು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಒಂದು ಹೊಲದ ಲೆಕ್ಕದಲ್ಲಿ ದೋಷ ಬಂದರೆ ಇಡೀ ಪಟ್ಟಿ ನಿಲ್ಲಬಾರದು. ಆರು ಗಂಟೆಗೆ ಫೀಲ್ಡ್‌ಮನ್‌ಗಳು ಕಿಟಕಿಯ ಮುಂದೆ ಬಂದು ನಿಂತಿರುತ್ತಾರೆ. ಹಾಗಾಗಿ ದೋಷ ಬಂದ ಹೊಲವನ್ನು ಬಿಟ್ಟು ಮುಂದೆ ಹೋಗುವಂತೆ ಬರೆದಿದ್ದೆ. ಬಿಟ್ಟ ಹೊಲಗಳಿಗೆ ಬೇರೆ ಚೀಟಿ ಬರುತ್ತಿತ್ತು: ಇಂಥವರ ಹೊಲ, ಹಾಳೆಯ ಇಂಥ ಸಾಲಿನಲ್ಲಿ ಕೆಟ್ಟಿತು, ಆ ನಿಯಮವನ್ನು ಬರೆದವರು ಇವರು. ಕಬ್ಬಿನ ವಿಭಾಗದವರು ಚೀಟಿ ನೋಡಿ ಹತ್ತು ಗಂಟೆಯೊಳಗೆ ಸರಿಮಾಡಿಕೊಡುತ್ತಿದ್ದರು. ಚೀಟಿಯ ಪ್ರೋಗ್ರಾಮು ಸಾಲಿನ ನಂಬರ್ ಹಿಡಿದುಕೊಂಡು ಹಾಳೆಯಲ್ಲಿ ಹುಡುಕಿ ಉಳಿದದ್ದನ್ನು ತುಂಬುತ್ತಿತ್ತು. ವರ್ಷಗಟ್ಟಲೆ ತಕರಾರಿಲ್ಲದೆ ನಡೆಯಿತು.

ದೇಸಾಯಿಯವರು ನಿವೃತ್ತರಾದರು. ಅದರ ಮುಂದಿನ ವರ್ಷ ನಮ್ಮ ವಿಭಾಗಕ್ಕೆ ಜಾಧವ್ ಎಂಬ ಹೊಸ ಮುಖ್ಯಸ್ಥರು ಬಂದರು. ಕೊಲ್ಹಾಪುರದ ಕಡೆಯವರು, ಮಾತಿನಲ್ಲಿ ಮರಾಠಿ ಬೆರೆಸುತ್ತಿದ್ದರು. ಅದಕ್ಕೆ ನನ್ನ ತಕರಾರಿಲ್ಲ, ನಮ್ಮ ಮನೆಯಲ್ಲೂ ಎರಡೂ ನಡೆಯುತ್ತವೆ. ಬಂದ ಮೊದಲ ವಾರವೇ ಅವರು ಎಲ್ಲ ಫೈಲುಗಳ ಗಾತ್ರದ ಪಟ್ಟಿ ಮಾಡಿಸಿದರು.

“ಹೇ ಬಘಾ, ಇಲ್ಲಿ ನೋಡ್ರಿ ಮಗದುಮ್ ಮ್ಯಾಡಮ್,” ಎಂದರು, “ನಿಮ್ಮ ಬೈಟ್‌ಕೋಡ್‌ನ್ಯಾಗ ಮೂರನೇ ಪಾಲು ಬರೇ ಹೆಸರು, ನಂಬರು. ಓಡಾಕ ಬೇಕಾಗೇ ಇಲ್ಲ. ಮ್ಯಾಲಿಂದ ಬ್ಯಾರೆ ಕಾರ್ಖಾನೆಯವ್ರ ಕೈಗೆ ಸಿಕ್ರ ನಮ್ಮ ನಿಯಮಾ ಎಲ್ಲಾ ಓದ್ಕೋತಾರ. ತಗದ ಬಿಡ್ರಿ.”

“ಕೆಟ್ಟಾಗ ಹುಡುಕಾಕ ಬೇಕ್ರಿ ಸರ್.”

“ಎಷ್ಟ್ ವರ್ಷಾತು ನಡ್ಯಾಕತ್ತಿ? ಇನ್ನೂ ಕೆಡತೈತೇನು?”

ನಾನು ವಾದಿಸಿದೆ. ಎರಡು ಸಲ ಬರೆದು ಕೊಟ್ಟೆ. ಮೂರನೆಯ ಸಲ ಅವರು ಬಾಯಿಮಾತಿನಲ್ಲೇ, “ಹಳೇ ಮಂದಿಗೆ ಹಳೇದ್ರ ಮ್ಯಾಲ ಮಾಯಾ” ಎಂದು ಪಕ್ಕದ ಮೇಜಿನವರಿಗೆ ಕೇಳುವಂತೆ ಹೇಳಿ ನಕ್ಕರು. ನನಗೆ ಅವಮಾನವಾಯಿತು. ಅವಮಾನದ ಸಿಟ್ಟಿನಲ್ಲಿ ‘ತಗೋ, ನೀನೇ ಅನುಭವಿಸು’ ಎಂದುಕೊಂಡು ಜನರೇಟರ್‌ನ ಗುರುತುಗಳನ್ನು ಹಾಕಿಸುವ ಸ್ವಿಚ್ ಮುಚ್ಚಿದೆ. ತೋರಲು ನಂಬರೇ ಇಲ್ಲದ ಮೇಲೆ, ಸಾಲು ಕೆಡಿಸಿ ನೋಡುವ ರೂಢಿಯನ್ನೂ ಬಿಟ್ಟೆ. ಅನುಭವಿಸುವವರು ಅವರಲ್ಲ ಎಂಬುದನ್ನು ಯೋಚಿಸಲಿಲ್ಲ. ಎಷ್ಟು ಜಾಗ ಉಳಿತಾಯವಾಯಿತು ಎಂದು ರೇಖಾ ಕೇಳಬಹುದು. ಒಂದು ಮದುವೆಯ ಫೋಟೊ ಇಡುವಷ್ಟು ಜಾಗ.

ಆ ಹಂಗಾಮಿನಲ್ಲಿ ಬೆಳಗಿನ ಚೀಟಿ ಖಾಲಿ ಬರತೊಡಗಿತು. ಕಬ್ಬಿನ ವಿಭಾಗದವರು ಸಂತೋಷಪಟ್ಟರು. ಜಾಧವ್ ಸಭೆಯಲ್ಲಿ ಆ ಖಾಲಿ ಕಾಗದವನ್ನು ಎತ್ತಿ ತೋರಿಸಿ ದೋಷಗಳೇ ನಿಂತಿವೆ ಎಂದರು. ಚಪ್ಪಾಳೆ ಬಿತ್ತು. ನಾನೂ ಆ ಕೋಣೆಯಲ್ಲಿದ್ದೆ. ಚೀಟಿಯ ಪ್ರೋಗ್ರಾಮು ಸಾಲಿನ ನಂಬರ್ ಸಿಗದೆ, ಹಾಳೆಯಲ್ಲಿ ಏನೂ ಹೊಂದದೆ, ಏನನ್ನೂ ಮುದ್ರಿಸದೆ ಸುಮ್ಮನಾಗುತ್ತಿದೆ ಎಂಬುದು ಅದನ್ನು ಬರೆದ ನನಗೇ ಹೊಳೆಯಲಿಲ್ಲ.

ಆ ವರ್ಷ ಹೊಳೆ ಜೋರಾಗಿ ಬಂದಿತ್ತು. ಶಿರಗುಪ್ಪಿಯ ಕಡೆ ದಂಡೆಯ ಹೊಲಗಳಲ್ಲಿ ಕಬ್ಬಿನ ಸುಳಿಯ ಮೇಲೆ ನೀರು ನಿಂತಿತ್ತು. ಸುಳಿ ಮುಳುಗಿದ ಕಬ್ಬು ಒಳಗಿಂದಲೇ ಕೊಳೆಯುತ್ತದೆ, ಬೇಗ ಕಡಿಯದಿದ್ದರೆ ಉಳಿಯುವುದು ಸಿಪ್ಪೆ ಮಾತ್ರ. ಅದಕ್ಕಾಗಿ ಕಬ್ಬಿನ ವಿಭಾಗದವರು ಹೊಸ ನಿಯಮವೊಂದನ್ನು ಸೇರಿಸಿದ್ದರು: ನೀರು ಹೊಕ್ಕ ಹೊಲಕ್ಕೆ ಮೊದಲ ಪಾಳಿ, ಹೆಚ್ಚು ದಿನ ನೀರು ನಿಂತಿದ್ದರೆ ಇನ್ನೂ ಮೊದಲು. ಒಳ್ಳೆಯ ನಿಯಮ.

ಹಂಗಾಮು ಶುರುವಾಗಿ ಮೂರು ವಾರವಾದರೂ ಅಲ್ಲಿನ ಹದಿನಾಲ್ಕು ಹೊಲಗಳ ಹೆಸರು ಒಂದು ದಿನವೂ ಪಟ್ಟಿಯಲ್ಲಿ ಬರಲಿಲ್ಲ. ಆ ಭಾಗದ ಫೀಲ್ಡ್‌ಮನ್ ಮಲ್ಲಪ್ಪ. ಇಪ್ಪತ್ತೆರಡು ವರ್ಷದಿಂದ ಅದೇ ಹಳ್ಳಿಗಳಲ್ಲಿ ಮೋಟರ್‌ಸೈಕಲ್ ಮೇಲೆ ತಿರುಗಿದ ಮನುಷ್ಯ. ದಾರಿ ಕೆಟ್ಟಿದ್ದರೆ ಒಂದು ಹೊಲವನ್ನು ಮೊಬೈಲಿನಿಂದಲೇ ತಡೆಹಿಡಿಯುವ ಅಧಿಕಾರ ಫೀಲ್ಡ್‌ಮನ್‌ಗಳಿಗೆ ಇತ್ತು. ಮಲ್ಲಪ್ಪ ಬೇಕೆಂದೇ ತಡೆದಿದ್ದಾನೆ, ಬೇರೆಯವರಿಂದ ಲಂಚ ತಿಂದು ಅವರ ಹೊಲ ಕಡಿಸುತ್ತಿದ್ದಾನೆ ಎಂದು ರೈತರು ನಂಬಿದರು. ಅವರ ಪೈಕಿ ಭರಮಪ್ಪ ಎಂಬ ಹಿರಿಯ ರೈತ ಊರಿನ ಸೊಸಾಯಿಟಿ ಕಚೇರಿಯ ಮುಂದೆ, ನಾಲ್ಕು ಜನರ ಎದುರಿಗೆ, ಮಲ್ಲಪ್ಪನವರ ಕೆನ್ನೆಗೆ ಹೊಡೆದ. ಅಲ್ಲಿಂದ ಎಲ್ಲರೂ ಟ್ರ್ಯಾಕ್ಟರ್ ಹತ್ತಿ ಕಾರ್ಖಾನೆಗೆ ಬಂದರು.

ಜಾಧವ್ ನನ್ನನ್ನು ಕರೆದರು. ಕೋಣೆಯಲ್ಲಿ ಭರಮಪ್ಪ, ಮತ್ತೆ ಮೂವರು ರೈತರು ಕೂತಿದ್ದರು. ಗೋಡೆಗೆ ಒರಗಿ ಮಲ್ಲಪ್ಪ ನಿಂತಿದ್ದರು. ನನಗೆ ಪರಿಚಯದವರು, ಆದರೆ ನನ್ನತ್ತ ನೋಡಲಿಲ್ಲ.

“ಮ್ಯಾಡಮ್, ಕಂಪ್ಯೂಟರಿನ್ಯಾಗ ಏನರ ದೋಷ ಐತೇನು?” ಎಂದು ಜಾಧವ್ ಎಲ್ಲರಿಗೂ ಕೇಳುವಂತೆ ಕೇಳಿದರು.

“ನೋಡಿ ಹೇಳ್ತೇನ್ರಿ.”

ಹೋಗಿ ನೋಡಿದೆ. ಚೀಟಿಗಳೆಲ್ಲ ಖಾಲಿ. ಆದರೆ ಯಂತ್ರದ ದಾಖಲೆ ಫೈಲಿನಲ್ಲಿ ದಿನವೂ ಒಂದೇ ಬಗೆಯ ದೋಷದ ಸಂದೇಶ, ಪ್ರತಿಯೊಂದರ ಕೊನೆಗೂ ‘ಮೂಲ ತಿಳಿದಿಲ್ಲ’. ಯಾವ ಹೊಲ, ಯಾವ ನಿಯಮ ಎಂಬುದು ಇಲ್ಲ. ನಾನು ಮರಳಿ ಹೋಗಿ ಜಾಧವ್ ಅವರನ್ನು ಹೊರಗೆ ಕರೆದು ಹೇಳಿದೆ.

“ಸರ್, ಏನೋ ದೋಷ ಐತ್ರಿ. ಎಲ್ಲಿ ಅಂತ ಗೊತ್ತಾಗವಲ್ದು. ಎರಡ ದಿನಾ ಕೊಡ್ರಿ.”

“ಎಲ್ಲಿ ಅಂತ ಗೊತ್ತಿಲ್ಲ ಅಂದ್ರ ದೋಷ ಐತಿ ಅಂತ ಹ್ಯಾಂಗ ಹೇಳ್ತೀರಿ? ಈ ಹದಿನಾಲ್ಕು ಹೊಲದ್ದ ಅಂತ ಬರದೈತೇನ್ ಅದರಾಗ?”

“ಇಲ್ರಿ.”

“ಮತ್ತ? ಚೀಟಿ ಖಾಲಿ ಐತಿ. ‘ದೋಷ ಕಂಡುಬಂದಿಲ್ಲ’ ಅಂತ ಬರದ ಸಹಿ ಮಾಡ್ರಿ. ಕಂಡಬಂದಿಲ್ಲ ಅನ್ನೂದು ಸುಳ್ಳಲ್ಲ.”

ಬರೆದೆ. ‘ಕಂಪ್ಯೂಟರ್ ವ್ಯವಸ್ಥೆಯಲ್ಲಿ ದೋಷ ಕಂಡುಬಂದಿಲ್ಲ.’ ಸಹಿ ಮಾಡಿದೆ. ಆ ಕಾಗದದ ಆಧಾರದ ಮೇಲೆ ಮಲ್ಲಪ್ಪನವರನ್ನು ಅಮಾನತು ಮಾಡಿ ವಿಚಾರಣೆಗೆ ಹಾಕಿದರು. ಕೋಣೆಯಿಂದ ಹೊರಡುವಾಗ ಅವರು ನನ್ನ ಪಕ್ಕದಲ್ಲೇ ಹೋದರು.

“ನಾ ಒತ್ತಿಲ್ರಿ ಮ್ಯಾಡಮ್ಮಾರ. ನನ್ ಮೊಬೈಲ್ ತಗದ ನೋಡ್ರಿ ಬೇಕಾರ,” ಎಂದರು. ನಾನು ನೋಡುತ್ತೇನೆ ಎಂದೆನೋ, ಸುಮ್ಮನಿದ್ದೆನೋ, ನೆನಪಿಲ್ಲ. ಏನಾದರೂ ಹೇಳಿದ್ದೆ ಎಂದು ನಂಬಲು ಬಹಳ ಸಲ ಯತ್ನಿಸಿದ್ದೇನೆ.

ಆ ದಿನ ಚಿಕ್ಕೋಡಿಯ ಮನೆಗೆ ಮರಳುವ ಬಸ್ಸಿನಲ್ಲಿ ಕಿಟಕಿಯಾಚೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು. ನನಗೆ ಜಾಧವ್ ಮೇಲೆ ಸಿಟ್ಟು, ಆ ಹೊಡೆದ ಭರಮಪ್ಪನ ಮೇಲೆ ಸಿಟ್ಟು, ಎಲ್ಲಕ್ಕಿಂತ ನನ್ನ ಕೈಬರಹದ ಮೇಲೆ ಸಿಟ್ಟು. ‘ಕಂಡುಬಂದಿಲ್ಲ’ ಎಂಬ ಆ ಪದ. ಕಾಣುವ ಕಣ್ಣನ್ನು ನಾನೇ ಮುಚ್ಚಿ, ಕಾಣಲಿಲ್ಲ ಎಂದು ಬರೆದು ಬಂದಿದ್ದೆ.

ಮಾರನೆಯ ಬೆಳಗ್ಗೆ ಯಾರನ್ನೂ ಕೇಳಲಿಲ್ಲ. ಪರೀಕ್ಷೆಗೆಂದು ಇಟ್ಟಿದ್ದ ಬೇರೆ ಕಂಪ್ಯೂಟರಿಗೆ ಹಂಗಾಮಿನ ದತ್ತಾಂಶವನ್ನೆಲ್ಲ ನಕಲು ಮಾಡಿ, ಸ್ವಿಚ್ ತೆರೆದು, ಅದೇ ಹಾಳೆಯಿಂದ ಬೈಟ್‌ಕೋಡನ್ನು ಮತ್ತೆ ತಯಾರಿಸಿದೆ. ಓಡಿಸಿದೆ. ಚಹಾ ತರಲು ಎದ್ದು ಹೋಗಿ ಬರುವಷ್ಟರಲ್ಲಿ ಚೀಟಿ ಬಂದಿತ್ತು. ಖಾಲಿ ಇರಲಿಲ್ಲ. ಹದಿನಾಲ್ಕು ಹೊಲ. ಹದಿನಾಲ್ಕರ ಎದುರಿಗೂ ಒಂದೇ ನಂಬರ್: ನಿಯಮ ಹಾಳೆ, ಸಾಲು ಎಂಬತ್ತೇಳು.

ಎಂಬತ್ತೇಳನೆಯ ಸಾಲು ಹೊಳೆ ನೀರಿನದು. ‘ನೀರು ನಿಂತ ದಿನ’ ಎಂಬ ಕಾಲಮ್ಮನ್ನು ಅದು ಓದುತ್ತಿತ್ತು. ಆ ಹದಿನಾಲ್ಕು ಹೊಲಗಳಿಗೆ ಆ ಕಾಲಮ್ಮು ಖಾಲಿ ಇತ್ತು. ಖಾಲಿ ಮೌಲ್ಯವನ್ನು ಲೆಕ್ಕ ಹಾಕಲು ಹೋಗಿ ಯಂತ್ರ ಎಡವಿ, ಹೊಲವನ್ನೇ ಬಿಟ್ಟು ಮುಂದೆ ಹೋಗುತ್ತಿತ್ತು. ಯಾಕೆ ಖಾಲಿ? ಸರ್ವೆಗೆ ಹೋದವರಿಗೆ ಅಲ್ಲಿಗೆ ಹೋಗಲಾಗಿರಲಿಲ್ಲ. ನೀರು ಎಲ್ಲಕ್ಕಿಂತ ಹೆಚ್ಚು ದಿನ ನಿಂತ ಜಾಗ ಅದು, ದಾರಿಯೇ ಮುಳುಗಿತ್ತು. ಯಾರಿಗೆ ಮೊದಲ ಪಾಳಿ ಸಿಗಲೆಂದು ನಿಯಮ ಬರೆದರೋ ಅವರನ್ನೇ ಆ ನಿಯಮ ಪಟ್ಟಿಯಿಂದ ಎತ್ತಿ ಹೊರಗೆ ಹಾಕಿತ್ತು. ಮಲ್ಲಪ್ಪ ಏನನ್ನೂ ಒತ್ತಿರಲಿಲ್ಲ.

ಚೀಟಿ ಹಿಡಿದು ಜಾಧವ್ ಕೋಣೆಗೆ ಹೋದೆ. ಅವರು ಓದಿದರು. ಓದಿ ಮೇಜಿನ ಖಾನೆಯೊಳಗೆ ಇಟ್ಟರು.

“ಚಾಂಗಲಂ ಝಾಲಂ, ಛಲೋ ಆತು,” ಎಂದರು. “ಸಾಲು ಸರಿ ಮಾಡ್ರಿ. ನಾಳಿಂದ ಅವರ ಹೆಸರು ಬರ್ಲಿ. ಮಲ್ಲಪ್ಪಂದು ವಿಚಾರಣಿ ಮುಗದ ಮ್ಯಾಲ ಸುಮ್ನ ಒಳಗ ತಗೊಳ್ಳೂಣು. ಈಗ ಗಲಾಟಿ ಬ್ಯಾಡ.”

“ಅವರ್ನ ಕಳ್ಳ ಅಂದಾರ್ರಿ ಸರ್. ಊರ ಮುಂದ ಹೊಡದಾರ.”

“ನಾವ್ ಹೊಡದಿಲ್ಲಲ್ಲ.”

“ಕಾಗದಾ ನಾ ಬರದೇನ್ರಿ.”

“ಅದಕ್ಕ ಹೇಳಾಕತ್ತೇನಿ. ನಿಮ್ಮ ಸಹಿ ಐತಿ. ನಿಮಗ ಇನ್ನ ಎಷ್ಟ್ ವರ್ಷ ಸರ್ವೀಸ್ ಐತಿ, ಮ್ಯಾಡಮ್?”

ಮೂರು ವರ್ಷ ಇತ್ತು. ನನ್ನ ಮೇಜಿಗೆ ಬಂದು ಮೊದಲು ಎಂಬತ್ತೇಳನೆಯ ಸಾಲನ್ನು ಸರಿಪಡಿಸಿದೆ. ಆಮೇಲೆ ಆ ಚೀಟಿಯನ್ನು ಇನ್ನೊಮ್ಮೆ ಮುದ್ರಿಸಿ, ವಿಚಾರಣಾ ಅಧಿಕಾರಿಗೆ ಒಂದು ಪತ್ರ ಬರೆದೆ. ಹಿಂದೆ ನಾನು ಸಹಿ ಮಾಡಿದ ಹೇಳಿಕೆ ತಪ್ಪು, ದೋಷದ ಸಂದೇಶಗಳನ್ನು ನೋಡಿಯೂ ಬರೆದೆ, ಡೀಬಗ್ ಮಾಹಿತಿಯನ್ನು ತೆಗೆಯಲು ಹೇಳಿದವರು ಜಾಧವ್, ತೆಗೆದವಳು ನಾನು. ಪತ್ರ ತಲುಪಿತೆಂಬ ಆವಕದ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೆ.

ಮುಂದಿನ ವಾರ ನನ್ನನ್ನು ಕಂಪ್ಯೂಟರ್ ವಿಭಾಗದಿಂದ ಸ್ಟೋರಿಗೆ ಹಾಕಿದರು. ಎಂಟು ತಿಂಗಳು ಅಲ್ಲಿ ನಟ್ಟು ಬೋಲ್ಟು ವಿತರಿಸಿದೆ. ಜಾಧವ್ ಆ ಹಂಗಾಮು ಮುಗಿಯುವ ಮುಂಚೆಯೇ ಇನ್ನೂ ದೊಡ್ಡ ಕಾರ್ಖಾನೆಗೆ ಹೋದರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರಂತೆ, ನಾನು ಹೋಗಲಿಲ್ಲ. ಆಮೇಲೆ ನನ್ನನ್ನು ಮತ್ತೆ ಕರೆದರು, ಏಕೆಂದರೆ ಆ ಜನರೇಟರನ್ನು ಮುಟ್ಟುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಮೊದಲ ದಿನವೇ ಸ್ವಿಚ್ ತೆರೆದೆ. ಚೀಟಿಯ ಪ್ರೋಗ್ರಾಮನ್ನೂ ತಿದ್ದಿದೆ: ಸಾಲು ಸಿಗದಿದ್ದರೂ ಹೊಲದ ಹೆಸರು ಬರಲೇಬೇಕು, ಎದುರಿಗೆ ದೊಡ್ಡ ಅಕ್ಷರದಲ್ಲಿ ‘ಸಾಲು ತಿಳಿದಿಲ್ಲ, ಹುಡುಕಿ’ ಎಂದು. ಖಾಲಿ ಕಾಗದ ಬಂದರೆ ಅದರ ಮೇಲೆ ‘ಎಷ್ಟು ಹೊಲ ಓದಿದೆ, ಎಷ್ಟು ಬಿಟ್ಟೆ’ ಎಂಬ ಎರಡು ಸಂಖ್ಯೆ ಇರಬೇಕು. ಈಗ ರೇಖಾಳ ಮುಂದಿರುವುದು ಅದೇ. ಅವಳನ್ನು ಹೆದರಿಸಲು ಬಂದವರಿಗೆ ಈ ಪುಟಗಳನ್ನು ಓದಿಸಲಿ. ಓದದಿದ್ದರೆ ನನಗೆ ಫೋನ್ ಮಾಡಲಿ, ನಾನೇ ಬಸ್ಸು ಹತ್ತಿ ಬರುತ್ತೇನೆ.

ಆದರೆ ಮಲ್ಲಪ್ಪನವರ ಸಂಗತಿ ಸ್ವಿಚ್ಚಿನಿಂದ ಮುಗಿಯುವಂಥದಲ್ಲ. ನನ್ನ ಪತ್ರ ಹೋದ ಹತ್ತು ದಿನಕ್ಕೆ ಅವರಿಗೆ ಆದೇಶ ಬಂತು: ‘ಆರೋಪ ಸಾಬೀತಾಗದ ಕಾರಣ ಕೆಲಸಕ್ಕೆ ಹಾಜರಾಗಬಹುದು.’ ಅಷ್ಟೇ. ಕಂಪ್ಯೂಟರಿನ ತಪ್ಪು ಎಂಬ ಮಾತು ಅದರಲ್ಲಿ ಇರಲಿಲ್ಲ. ಮಲ್ಲಪ್ಪ ಹಾಜರಾಗಲಿಲ್ಲ. ನಾನು ಶಿರಗುಪ್ಪಿಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆರೆದು, ಒಳಗೆ ಬಾ ಎನ್ನದೆ, ಗಂಡನನ್ನು ಕರೆದರು. ಹೊರಗಿನ ಕಟ್ಟೆಯ ಮೇಲೆ ಕೂತು ನಾನು ತಂದಿದ್ದ ಪ್ರತಿಯನ್ನು ಮಲ್ಲಪ್ಪನವರ ಕೈಗೆ ಕೊಟ್ಟೆ. ಅವರು ನಿಧಾನವಾಗಿ ಎರಡು ಸಲ ಓದಿದರು.

“ಎಂಬತ್ತೇಳು,” ಎಂದರು.

“ಹೌದ್ರಿ.”

“ಸಾಬೀತಾಗಿಲ್ಲ ಅಂದ್ರ ಏನ್ ತಿಳ್ಕೊಂತಾರ್ರಿ ಮಂದಿ? ಕದ್ದಾನ, ಸಿಕ್ಕಿಲ್ಲ ಅಂತ ತಿಳ್ಕೊಂತಾರ. ನನ್ನ ಮಗಳು ಅಂಗಡಿಗೆ ಹೋದ್ರ ಸಾಮಾನ ಕಟ್ಟಿ ಕೊಡಾಕತ್ತಾರ, ಮಾತ ಆಡವಲ್ರು.” ಪ್ರತಿಯನ್ನು ಮಡಚಿ ನನ್ನ ಕೈಗೇ ಮರಳಿಸಿ ಅಂದರು, “ನನಗ ಈ ಕಾಗದಾ ಬ್ಯಾಡ್ರಿ. ಎಲ್ಲಿ ಹೊಡದ್ರೋ ಅಲ್ಲಿ ಬಂದ ನೀವ ಹೇಳ್ರಿ.”

ನಾನು ಒಪ್ಪಿದೆ. ಮುಂದಿನ ಸೋಮವಾರ ಬೆಳಗ್ಗೆ ಸೊಸಾಯಿಟಿ ಕಚೇರಿಯ ಮುಂದೆ ಆ ಹದಿನಾಲ್ಕು ಹೊಲದವರು, ಅವರ ಮನೆಯವರು, ಸುತ್ತಲಿನವರು ಕೂಡಿದ್ದರು. ಆ ಹೊತ್ತಿಗೆ ಅವರ ಹೊಲಗಳಲ್ಲಿ ಗ್ಯಾಂಗು ಇಳಿದಿತ್ತು, ಆದರೆ ಬಹಳಷ್ಟು ಕಬ್ಬು ಒಳಗೆ ಕೆಂಪಾಗಿ ಟೊಳ್ಳಾಗಿತ್ತು. ಒಬ್ಬರು ಕಬ್ಬಿನ ಒಂದು ಗಳವನ್ನು ಮುರಿದು ನನ್ನ ಮುಂದೆ ನೆಲದ ಮೇಲೆ ಇಟ್ಟರು. ಅದನ್ನು ನೋಡುತ್ತಲೇ ನಾನು ಹೇಳಿದೆ. ನಿಯಮ ಹಾಳೆ ಎಂದರೇನು, ಎಂಬತ್ತೇಳನೆಯ ಸಾಲಿನಲ್ಲಿ ಏನಿತ್ತು, ಎಲ್ಲಿ ಖಾಲಿ ಇತ್ತು, ಯಂತ್ರ ಅವರ ಹೊಲಗಳನ್ನು ಹೇಗೆ ದಾಟಿತು, ಅದನ್ನು ತೋರಿಸಬೇಕಿದ್ದ ಗುರುತುಗಳನ್ನು ಯಾರು ತೆಗೆದರು. ಅರ್ಥವಾಗದೆ ಹೋದೀತು ಎಂದುಕೊಂಡಿದ್ದೆ. ಒಂದು ಮಾತೂ ತಪ್ಪದೆ ಅರ್ಥವಾಯಿತು.

ಭರಮಪ್ಪ ಕಚೇರಿ ಕಟ್ಟೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ಬಿಳಿ ಟೊಪ್ಪಿಗೆ, ಮೊಣಕಾಲ ಮೇಲೆ ಕೈ.

“ಮಲ್ಲಪ್ಪ ಏನೂ ಮಾಡಿಲ್ಲಂತೀರಿ,” ಎಂದ.

“ಏನೂ ಮಾಡಿಲ್ರಿ.”

“ಅವತ್ತ ನಾವು ಆ ಸಾಹೇಬ್ರ ಖೋಲ್ಯಾಗ ಕುಂತಿದ್ವಿ. ನೀವು ಹೋಗಿ ನೋಡಿ ಬಂದ್ರಿ. ಆವಾಗ ನಿಮಗ ಗೊತ್ತಿತ್ತೇನ್ರಿ?”

“ಪೂರಾ ಗೊತ್ತಿರಲಿಲ್ರಿ. ಏನೋ ತಪ್ಪೈತಿ ಅಂತ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಅಂತ ಸಹಿ ಮಾಡೀನಿ.”

ಯಾರೋ ಹಿಂದಿನಿಂದ ಬೈದರು. ಬೈಯಬೇಕಾದದ್ದೇ. ಒಬ್ಬ ಹೆಂಗಸು, “ಸಾಲಿ ಕಲತವ್ರು ಹಿಂಗ ಮಾಡಿದ್ರ ಹ್ಯಾಂಗ್ರೆವ್ವಾ,” ಎಂದಳು. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಹೋಯಿತು. ನಾನು ತಲೆ ತಗ್ಗಿಸಲಿಲ್ಲ, ತಗ್ಗಿಸಿದರೆ ಕರುಣೆ ಕೇಳಿದಂತೆ ಆಗುತ್ತಿತ್ತು.

ಮಲ್ಲಪ್ಪ ಆಚೆ ಬದಿಗೆ ಬೇವಿನ ಮರದ ಹತ್ತಿರ ನಿಂತಿದ್ದರು. ಒಗೆದ ಬಟ್ಟೆ ಹಾಕಿಕೊಂಡು, ಕೂದಲು ಬಾಚಿಕೊಂಡು ಬಂದಿದ್ದರು. ಭರಮಪ್ಪ ಬಹಳ ಹೊತ್ತು ಅವರನ್ನು ನೋಡಿದ. ತಪ್ಪಾಯಿತು ಎನ್ನುವ ಮಾತು ಆ ಮನುಷ್ಯನ ಬಾಯಿಂದ ಬರಲಿಲ್ಲ. ಬೆಂಚಿನ ಮೇಲೆ ಒಂದು ಪಕ್ಕಕ್ಕೆ ಸರಿದು, ತನ್ನ ಹತ್ತಿರ ಒಬ್ಬರು ಕೂಡುವಷ್ಟು ಜಾಗ ಮಾಡಿದ. ಆ ಜಾಗದ ಮೇಲಿನ ಧೂಳನ್ನು ಟವೆಲಿನಿಂದ ಝಾಡಿಸಿದ.

“ಬಾ, ಕುಂಡ್ರು ಮಲ್ಲಪ್ಪ,” ಎಂದ.

ಎಲ್ಲರೂ ಆ ಖಾಲಿ ಜಾಗವನ್ನು, ಮಲ್ಲಪ್ಪನವರನ್ನು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಒಂದು ಹೆಜ್ಜೆ ಮುಂದೆ ಇಟ್ಟರೆ ಎಲ್ಲರ ಎದೆ ಹಗುರಾಗುತ್ತಿತ್ತು, ಎಲ್ಲಕ್ಕಿಂತ ನನ್ನದು.

ಮಲ್ಲಪ್ಪ ಕೈಮುಗಿದರು. “ಇರ್ಲಿ ಕಾಕಾ, ನಿಂತಿರ್ತೇನಿ,” ಎಂದರು.

ಸಭೆ ಮುಗಿದು ಜನ ಚದುರುವವರೆಗೂ ಅವರು ನಿಂತೇ ಇದ್ದರು.